ಪಡಿ, ಬಾಗಿನ, ಪಾಲು: ಹಬ್ಬದ ಕೊಡುಗೆಯಲ್ಲಿ ಋಣವೆಷ್ಟು, ದಾನವೆಷ್ಟು?

ಕೋಲಾರ ಸೀಮೆಯಲ್ಲಿ ಕೊಡುವ ಶಾಸ್ತ್ರವಿಲ್ಲದ ಹಬ್ಬ ಹುಡುಕಿದರೂ ಸಿಗುವುದು ಕಷ್ಟ. ಸಂಕ್ರಾಂತಿಗೆ ಎಳ್ಳು ಬೀರಬೇಕು, ರಾಮನವಮಿಗೆ ಪಾನಕ ಹಂಚಬೇಕು, ಗೌರಿ ಹಬ್ಬಕ್ಕೆ ಮೊರದ ಬಾಗಿನ ಕೊಡಬೇಕು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟು ಕಾಗೆಗೂ ನೆಂಟರಿಗೂ ಉಣ್ಣಿಸಬೇಕು. ದೀಪಾವಳಿಗೆ ಕೇದಾರೇಶ್ವರ ನೋಮು ಇರುವ ಮನೆಯ ಕಜ್ಜಾಯ ನೋಮಿಲ್ಲದ ಮನೆಗಳಿಗೆ ಹೋಗಲೇಬೇಕು. ಮುಳಬಾಗಿಲು ತಾಲ್ಲೂಕಿನ ತಾಯಲೂರು ಹೋಬಳಿಯಂಥ ಕಡೆ, ಅಂದರೆ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಶಾಲೆ ಕಚೇರಿಗಳಲ್ಲಿ ಕನ್ನಡ ನಡೆಯುವ ಆಂಧ್ರದ ಗಡಿ ಭಾಗದಲ್ಲಿ, ಎರಡೂ ಕಡೆಯ ಪದ್ಧತಿ ಸೇರಿಕೊಂಡು ಈ ಪಟ್ಟಿ ಇನ್ನೂ ಉದ್ದವಾಗುತ್ತದೆ. ಇಲ್ಲಿಯೇ ಧರ್ಮಚಿಂತನೆಯ ಹಳೆಯ ತೊಡಕೊಂದು ಎದುರಾಗುತ್ತದೆ. ಕೊಡಲೇಬೇಕು ಎಂದು ಕಟ್ಟಳೆಯಾದ ಮೇಲೆ ಅದನ್ನು ದಾನ ಎನ್ನುವುದು ಹೇಗೆ? ವರ್ಷ ವರ್ಷವೂ ಅದೇ ದಿನ, ಅದೇ ಮನೆಗೆ, ಅದೇ ಅಳತೆಯಲ್ಲಿ ಕೊಡುವುದು ಸಾಲ ತೀರಿಸಿದಂತೆಯೇ ಹೊರತು ಉದಾರತೆಯಲ್ಲ ಎಂದು ಯಾರಾದರೂ ವಾದಿಸಿದರೆ ಸುಲಭವಾಗಿ ತಳ್ಳಿಹಾಕಲಾಗದು.

ಈ ತೊಡಕನ್ನು ಬಿಡಿಸಲು ಗ್ರಂಥಗಳಿಗಿಂತ ಮೊದಲು ನೋಡಬೇಕಾದ ಆಚರಣೆ ಶ್ರಾವಣ ಶನಿವಾರದ ಪಡಿ. ತಿರುಪತಿ ವೆಂಕಟರಮಣ ಮನೆದೇವರಾಗಿರುವ ಕುಟುಂಬಗಳು ಹಳೆ ಮೈಸೂರಿನ ಉದ್ದಗಲಕ್ಕೂ ಇವೆ. ಮುಳಬಾಗಿಲಂತೂ ತಿರುಪತಿಗೆ ಹೋಗುವ ಹಳೆಯ ದಾರಿಯಲ್ಲೇ ಇರುವ ಊರು. ಶ್ರಾವಣದ ಶನಿವಾರ ಇಂಥ ಮನೆಗಳಲ್ಲಿ ಬೆಳಗ್ಗೆ ತಲೆಗೆ ಸ್ನಾನ ಮಾಡಿ, ಹಣೆಗೆ ನಾಮ ಇಟ್ಟು, ಹಿತ್ತಾಳೆ ಅಥವಾ ತಾಮ್ರದ ಚೊಂಬಿಗೂ ಮೂರು ನಾಮ ಬರೆದು, ಕೊರಳಿಗೆ ತುಳಸಿ ಸುತ್ತಿ, ಗಂಡಸರೋ ಹುಡುಗರೋ ಬರಿಗಾಲಲ್ಲಿ ಹೊರಡುತ್ತಾರೆ. ಬಾಗಿಲ ಮುಂದೆ ನಿಂತು ಗೋವಿಂದನ ಹೆಸರು ಕೂಗುತ್ತಾರೆ. ಒಳಗಿನಿಂದ ಬಂದ ಹೆಂಗಸು ಚೊಂಬಿಗೆ ಅಕ್ಕಿ ಹಾಕುತ್ತಾಳೆ, ಕೆಲವರು ಚಿಲ್ಲರೆ ಕಾಸನ್ನೂ ಹಾಕುತ್ತಾರೆ. ಒಂದು ಮನೆಯಲ್ಲಿ ಸೋನಾ ಮಸೂರಿ, ಇನ್ನೊಂದರಲ್ಲಿ ರೇಷನ್ ಅಕ್ಕಿ, ಮತ್ತೊಂದರಲ್ಲಿ ನುಚ್ಚು ಬೆರೆತದ್ದು, ಎಲ್ಲ ಅದೇ ಚೊಂಬಿನಲ್ಲಿ ಕೂಡುತ್ತದೆ. ಮನೆಗೆ ತಂದ ಅಕ್ಕಿಯನ್ನು ಬೇಯಿಸಿ ನೈವೇದ್ಯ ಮಾಡಿ ಉಣ್ಣುತ್ತಾರೆ. ಕಾಸು ಮುಡಿಪಿಗೆ ಸೇರುತ್ತದೆ, ಬೆಟ್ಟಕ್ಕೆ ಹೋದಾಗ ಹುಂಡಿಗೆ ಬೀಳುತ್ತದೆ.

ಇದರಲ್ಲಿ ಗಮನಿಸಬೇಕಾದ ಅಂಶವೆಂದರೆ ಪಡಿ ಬೇಡುವವರು ಬಡವರೇ ಆಗಿರಬೇಕೆಂದಿಲ್ಲ. ಹತ್ತಾರು ಎಕರೆ ಮಾವಿನ ತೋಟದವರು, ಟೊಮೆಟೊ ಮಂಡಿಯಲ್ಲಿ ವಹಿವಾಟು ಇರುವವರು, ಮೇಷ್ಟರು, ಬ್ಯಾಂಕಿನವರು, ಎಲ್ಲರೂ ಆ ದಿನ ಚೊಂಬು ಹಿಡಿಯುತ್ತಾರೆ. ಮನೆಯಲ್ಲಿ ಮೂಟೆಗಟ್ಟಲೆ ಅಕ್ಕಿ ಇದ್ದರೂ ಆ ದಿನದ ನೈವೇದ್ಯಕ್ಕೆ ಬೇಡಿ ತಂದ ಅಕ್ಕಿ ಬೇಕು. ಬೇಡುವವನಿಗೆ ಹಾಕಿದ ಮನೆಯವರೇ ಮುಂದಿನ ಶನಿವಾರ ಅವನ ಬಾಗಿಲಿಗೆ ಬಂದು ನಿಲ್ಲಬಹುದು. ಲೆಕ್ಕ ಹಾಕಿದರೆ ಇಡೀ ಊರಿನ ಅಕ್ಕಿ ಊರಲ್ಲೇ ಸುತ್ತಿ ಬಂದಿರುತ್ತದೆ. ಯಾರಿಗೂ ಲಾಭವಿಲ್ಲ, ನಷ್ಟವೂ ಇಲ್ಲ. ಆರ್ಥಿಕವಾಗಿ ನೋಡಿದರೆ ಅರ್ಥವಿಲ್ಲದ ಈ ಕೆಲಸದ ಅರ್ಥ ಬೇರೆ ಕಡೆ ಇದೆ. ವರ್ಷವೆಲ್ಲ ಕೊಡುವ ಕೈ ಒಂದು ದಿನವಾದರೂ ಚಾಚುವ ಕೈಯಾಗುತ್ತದೆ. ಇನ್ನೊಬ್ಬರ ಹೊಸ್ತಿಲಾಚೆ ನಿಂತು, ಒಳಗಿನವರು ಬರುವವರೆಗೆ ಕಾಯುವುದು ಎಂದರೇನು ಎಂಬುದು ಉಳ್ಳವನಿಗೆ ಮೈಯಿಂದಲೇ ತಿಳಿಯುತ್ತದೆ.

ಪಡಿಗೆ ಬೀಳುವ ಅಕ್ಕಿಯ ಬೆಲೆ ಈಗಿನವರಿಗೆ ಥಟ್ಟನೆ ಹೊಳೆಯುವುದಿಲ್ಲ. ಕೋಲಾರ ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆ ನಂಬಿದ, ರಾಗಿಯ ಜಿಲ್ಲೆ. ಹಿಂದೆ ದಿನನಿತ್ಯದ ಊಟ ಮುದ್ದೆ. ಬಿಳಿ ಅನ್ನ ಹಬ್ಬಕ್ಕೆ, ಮದುವೆಗೆ, ಜ್ವರ ಬಂದವರಿಗೆ. ಅಂಥ ಕಾಲದಲ್ಲಿ ಒಂದು ಹಿಡಿ ಅಕ್ಕಿ ಹಾಕುವುದೆಂದರೆ ಮನೆಯ ಹಬ್ಬದೂಟದಿಂದಲೇ ಒಂದು ತುತ್ತು ತೆಗೆದುಕೊಟ್ಟಂತೆ. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದ ಮೇಲೆ ಬಡವರ ಮನೆಯಲ್ಲೂ ಅಕ್ಕಿ ಉಂಟು. ಅದೇ ವರ್ಷದ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಆ ಅಕ್ಕಿಯನ್ನು ಸರ್ಕಾರದ ಕರುಣೆ ಎನ್ನದೆ ಪ್ರಜೆಯ ಹಕ್ಕು ಎಂದಿದೆ. ಹಕ್ಕಾಗಿ ಬಂದ ಅಕ್ಕಿಯೇ ಶ್ರಾವಣದಲ್ಲಿ ಭಿಕ್ಷೆಯಾಗಿ ಇನ್ನೊಬ್ಬರ ಚೊಂಬು ಸೇರುತ್ತದೆ.

ಗ್ರಂಥಗಳು ಈ ವಿಷಯದಲ್ಲಿ ಒಂದೇ ಮಾತು ಹೇಳುವುದಿಲ್ಲ. ಮನುಷ್ಯ ಹುಟ್ಟುವಾಗಲೇ ಸಾಲಗಾರ ಎಂಬ ಭಾವನೆ ವೇದಕಾಲದಷ್ಟು ಹಳೆಯದು. ತೈತ್ತಿರೀಯ ಸಂಹಿತೆ ಮೂರು ಋಣ ಹೇಳುತ್ತದೆ: ಋಷಿಗಳದು, ದೇವತೆಗಳದು, ಪಿತೃಗಳದು. ಶತಪಥ ಬ್ರಾಹ್ಮಣ ಇದಕ್ಕೆ ನಾಲ್ಕನೆಯದನ್ನು ಸೇರಿಸುತ್ತದೆ: ಮನುಷ್ಯರ ಋಣ. ಅದು ತೀರುವುದು ಬಂದವರಿಗೆ ಜಾಗ ಕೊಟ್ಟು ಉಣ್ಣಿಸುವುದರಿಂದ. ಈ ದೃಷ್ಟಿಯಲ್ಲಿ ಹಬ್ಬದ ಕೊಡುಗೆಯೆಲ್ಲ ಸಾಲದ ಕಂತು. ಕೊಟ್ಟವನಿಗೆ ಹೆಮ್ಮೆಪಡಲು ಏನೂ ಇಲ್ಲ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ದಾನಕ್ಕೆ ಮೂರು ದರ್ಜೆ. ಪ್ರತ್ಯುಪಕಾರ ಮಾಡಲಾರದವನಿಗೆ, ಕೊಡಬೇಕಾದದ್ದು ಎಂಬ ಬುದ್ಧಿಯಿಂದ, ತಕ್ಕ ಸ್ಥಳ, ಕಾಲ, ಪಾತ್ರ ನೋಡಿ ಕೊಟ್ಟದ್ದು ಸಾತ್ತ್ವಿಕ. ಮರಳಿ ಬರಲಿ ಎಂದೋ ಫಲ ಸಿಗಲಿ ಎಂದೋ ಗೊಣಗುತ್ತ ಕೊಟ್ಟದ್ದು ರಾಜಸ. ಅವಮಾನ ಮಾಡಿ, ಹೊತ್ತುಗೊತ್ತಿಲ್ಲದೆ ಎಸೆದದ್ದು ತಾಮಸ. ಇಲ್ಲಿ ಗೀತೆ ಕರ್ತವ್ಯವನ್ನೂ ದಾನವನ್ನೂ ವಿರುದ್ಧ ಪದಗಳಾಗಿ ಕಾಣುವುದಿಲ್ಲ ಎಂಬುದು ಮುಖ್ಯ. ಕಡ್ಡಾಯವಾಗಿದ್ದರೂ ಅದು ದಾನವೇ, ಆದರೆ ತಿರುಗಿ ಕೊಡಲಾರದವನಿಗೆ ಸಲ್ಲಬೇಕು. ಮುಳಬಾಗಿಲಿನಲ್ಲೇ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಗೀತೆಗೆ ಬರೆದ ತಾತ್ಪರ್ಯಗ್ರಂಥಕ್ಕೆ ಜೀವನಧರ್ಮಯೋಗ ಎಂದೇ ಹೆಸರಿಟ್ಟರು. 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಆ ಪುಸ್ತಕ ಗೀತೆಯನ್ನು ಸಂನ್ಯಾಸಿಯ ಕೈಯಿಂದ ಸಂಸಾರಿಯ ಕೈಗೆ ತಂದಿತು. ಹಬ್ಬದ ದಾನದ ಪ್ರಶ್ನೆಯೂ ಸಂಸಾರಿಯದೇ. ಸಂನ್ಯಾಸಿಗೆ ಕೊಡಲು ಏನಿರುತ್ತದೆ?

ಗೀತೆಯ ಅಳತೆಗೋಲು ಹಿಡಿದರೆ ಪಡಿ ಸಾತ್ತ್ವಿಕವಲ್ಲ, ಯಾಕೆಂದರೆ ಅದು ಸುತ್ತಿ ಬರುತ್ತದೆ. ಎಳ್ಳು ಬೀರುವುದೂ ಅಷ್ಟೆ. ಹೆಣ್ಣುಮಕ್ಕಳು ತಟ್ಟೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಒಯ್ದು ಕೊಟ್ಟು ಅಷ್ಟನ್ನೇ ವಾಪಸು ತರುತ್ತಾರೆ. ಫ್ರಾನ್ಸಿನ ಸಮಾಜವಿಜ್ಞಾನಿ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟಿಸಿದ ಕೊಡುಗೆಯ ಕುರಿತ ಪ್ರಬಂಧದಲ್ಲಿ ಜಗತ್ತಿನ ನಾನಾ ಸಮಾಜಗಳನ್ನು ನೋಡಿ, ಕೊಡುವುದು, ಪಡೆಯುವುದು, ತಿರುಗಿ ಕೊಡುವುದು ಮೂರೂ ಕಡ್ಡಾಯ ಎಂದಿದ್ದ. ಪೂರ್ತಿ ಉಚಿತವಾದ ಕೊಡುಗೆ ಎಂಬುದಿಲ್ಲ ಎಂಬುದು ಅವನ ವಾದದ ತಿರುಳು. ಎಳ್ಳಿನ ತಟ್ಟೆಗೆ ಇದು ಚೆನ್ನಾಗಿ ಒಪ್ಪುತ್ತದೆ. ಆದರೆ ಅದೇ ಎಳ್ಳನ್ನು ಶನಿದೋಷ ಕಳೆಯಲೆಂದು ದಾನ ಕೊಟ್ಟಾಗ ಮೋಸ್‌ನ ಸೂತ್ರ ಕೈಕೊಡುತ್ತದೆ. ಆ ಎಳ್ಳು ಮರಳಿ ಬರಬಾರದು. ಪಡೆಯುವವರು ಕೂಡ ಹಿಂದೆಮುಂದೆ ನೋಡುತ್ತಾರೆ, ಏಕೆಂದರೆ ಕೊಟ್ಟವನ ಕೇಡು ಅದರ ಜೊತೆ ಬರುತ್ತದೆಂಬ ನಂಬಿಕೆ. ಉತ್ತರ ಭಾರತದ ಹಳ್ಳಿಯೊಂದರಲ್ಲಿ ಇಂಥ ದಾನಗಳನ್ನು ಅಧ್ಯಯನ ಮಾಡಿದ ಗ್ಲೋರಿಯಾ ರಹೇಜಾ 1988ರಲ್ಲಿ ಬಂದ ತಮ್ಮ ಪುಸ್ತಕದ ಹೆಸರಿನಲ್ಲೇ ಕೊಡುಗೆಯೊಳಗಿನ ವಿಷದ ಮಾತೆತ್ತಿದರು. ಪಡೆಯುವುದು ಯಾವಾಗಲೂ ಲಾಭ ಎಂಬ ಸಾಮಾನ್ಯ ಎಣಿಕೆ ಇಲ್ಲಿ ನಿಲ್ಲುವುದಿಲ್ಲ.

ದೀಪಾವಳಿಯ ಮರುದಿನದ ಬಲಿಪಾಡ್ಯಮಿ ಕೊಡುವವನ ಬಗೆಗಿನ ಹಬ್ಬ. ಭಾಗವತದ ಎಂಟನೆಯ ಸ್ಕಂಧದಲ್ಲಿ ವಾಮನ ಮೂರು ಹೆಜ್ಜೆ ಭೂಮಿ ಕೇಳುತ್ತಾನೆ, ಬಲಿ ಒಪ್ಪುತ್ತಾನೆ, ಗುರು ಶುಕ್ರಾಚಾರ್ಯ ತಡೆಯುತ್ತಾನೆ. ಜನರ ಬಾಯಲ್ಲಿ ಶುಕ್ರಾಚಾರ್ಯ ಕಮಂಡಲುವಿನ ಬಾಯಿಗೆ ಅಡ್ಡ ಕೂತು ಕಣ್ಣು ಕಳೆದುಕೊಂಡ ಕೇಡಿಗ. ಗ್ರಂಥದಲ್ಲಿ ಅವನು ಹೇಳುವ ಮಾತು ಅಷ್ಟು ಹಗುರವಲ್ಲ. ಬದುಕುವ ದಾರಿಯನ್ನೇ ಮುಚ್ಚುವ ದಾನವನ್ನು ಹೊಗಳಬಾರದು. ಸಂಪತ್ತನ್ನು ಧರ್ಮಕ್ಕೆ, ಕೀರ್ತಿಗೆ, ಮುಂದಿನ ದುಡಿಮೆಗೆ, ಸ್ವಂತ ಸುಖಕ್ಕೆ, ತನ್ನವರಿಗೆ ಎಂದು ಐದು ಪಾಲು ಮಾಡಬೇಕು ಎಂಬುದು ಅವನ ವಾದ. ಮನೆ ನಡೆಸುವ ಯಾರಿಗಾದರೂ ಇದು ಸರಿಯೆನಿಸುತ್ತದೆ. ಬಲಿ ಅದನ್ನು ಸುಳ್ಳು ಎನ್ನುವುದಿಲ್ಲ, ಕೊಟ್ಟ ಮಾತಿಗೆ ತಪ್ಪಲಾರೆ ಎನ್ನುತ್ತಾನೆ ಅಷ್ಟೆ. ಎಲ್ಲ ಕಳೆದುಕೊಂಡ ಬಲಿಯ ಬಾಗಿಲನ್ನು ಕೊನೆಗೆ ವಿಷ್ಣುವೇ ಕಾಯುತ್ತಾನೆ. ಈ ಕಥೆಯಲ್ಲಿ ಎದ್ದು ಕಾಣುವ ಸಂಗತಿ ಬೇಡಿದವನು ದೇವರು ಎಂಬುದು. ಬೇಡುವವನನ್ನು ಕೀಳಾಗಿ ನೋಡಲು ಈ ಪುರಾಣ ಆಸ್ಪದವನ್ನೇ ಉಳಿಸಿಲ್ಲ.

ತಿರುಪತಿಯ ದೇವರ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮದುವೆಗೆಂದು ಕುಬೇರನಲ್ಲಿ ಸಾಲ ಮಾಡಿ ಇವತ್ತಿಗೂ ಬಡ್ಡಿ ಕಟ್ಟುತ್ತಿರುವ ದೇವರು ಅವನು. ತೆಲುಗಿನವರು ಅವನನ್ನು ವಡ್ಡಿಕಾಸುಲವಾಡು ಎಂದು ಪ್ರೀತಿಯಿಂದಲೇ ಕರೆಯುತ್ತಾರೆ. ಗಡಿಯ ಈಚೆಗೂ ಆ ಹೆಸರು ಗೊತ್ತು. ಹುಂಡಿಗೆ ಬೀಳುವ ಮುಡಿಪು ಆ ಸಾಲಕ್ಕೆ ಭಕ್ತರ ಕೈಲಾದ ಸಹಾಯ. ಬೇಡುವುದೂ ಸಾಲ ಮಾಡುವುದೂ ದೇವರಿಗೇ ತಪ್ಪದ ಮೇಲೆ, ಶನಿವಾರ ಚೊಂಬು ಹಿಡಿದ ಸಾಹುಕಾರ ಮಾಡುವುದು ದೇವರ ಅನುಕರಣೆಯೇ ಸರಿ. ಮುಳಬಾಗಿಲ ಬಳಿಯ ನರಸಿಂಹತೀರ್ಥದಲ್ಲಿ ನೆಲೆಸಿದ್ದ, ಹರಿದಾಸ ಪರಂಪರೆಯ ಹಿರಿಯರೆಂದು ಹೆಸರಾದ ಶ್ರೀಪಾದರಾಜರ ಹಾದಿಯಲ್ಲಿ ಬಂದ ದಾಸರು ಮಧುಕರ ವೃತ್ತಿಯನ್ನು ಜೀವನಕ್ರಮವಾಗಿಯೇ ಮಾಡಿಕೊಂಡರು. ಪುರಂದರದಾಸರು ಇದ್ದ ಹಣವನ್ನೆಲ್ಲ ಬಿಟ್ಟು ಬೇಡಲು ಹೊರಟರೆಂಬ ಕಥೆ ಕನ್ನಡದ ಮಕ್ಕಳಿಗೂ ಗೊತ್ತು. ಗೃಹಸ್ಥರಿಗೆ ಅಷ್ಟು ದೂರ ಹೋಗಲಾಗದು; ಅವರಿಗೆ ವರ್ಷಕ್ಕೊಂದು ಶನಿವಾರ.

ಮನೆಯೊಳಗಿನ ಕೊಡುಗೆಗಳಲ್ಲಿ ಗೌರಿ ಬಾಗಿನದಷ್ಟು ಭಾವನೆ ತುಂಬಿದ್ದು ಬೇರೊಂದಿಲ್ಲ. ಎರಡು ಹೊಸ ಬಿದಿರಿನ ಮೊರಕ್ಕೆ ಅರಿಶಿನ ಬಳಿದು, ಒಂದರಲ್ಲಿ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಕರಿಮಣಿ, ಬಾಚಣಿಗೆ, ಪುಟ್ಟ ಕನ್ನಡಿ, ರವಿಕೆ ಕಣ ಜೋಡಿಸಿ, ಇನ್ನೊಂದನ್ನು ಮೇಲೆ ಮುಚ್ಚಿ, ಸೆರಗು ಹಿಡಿದು ಕೊಡುತ್ತಾರೆ. ತವರಿನಿಂದ ಸೀರೆಯೋ ದುಡ್ಡೋ ಬರುತ್ತದೆ. ದೂರದೂರಿಗೆ ಕೊಟ್ಟ ಮಗಳಿಗೆ ಈಗ ಅದು ಫೋನ್‌ಪೇ ಮೂಲಕ ಹೋಗುತ್ತದೆ, ಅದನ್ನೂ ಬಾಗಿನದ ದುಡ್ಡು ಎಂದೇ ಕರೆಯುತ್ತಾರೆ. ದಾನದ ಶಾಸ್ತ್ರಕಾರರು ಇಂಥ ಕೊಡುಗೆಗೆ ಬೇರೆಯೇ ಜಾಗ ಕೊಟ್ಟಿದ್ದಾರೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರೆಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು. ತಂದೆ ಅದನ್ನು ಮನಸ್ಸಿಗೆ ಬಂದಂತೆ ದಾನ ಮಾಡುವಂತಿಲ್ಲ. ಆದರೆ ಚರಾಸ್ತಿಯಲ್ಲಿ ಪ್ರೀತಿಯಿಂದ ಕೊಡುವ ಕೊಡುಗೆಗೆ ಅವಕಾಶವಿದೆ. ಕುಟುಂಬಕ್ಕೆ ತೊಂದರೆಯಾಗದಂತೆ ಮಾತ್ರ ಕೊಡಬೇಕು ಎಂಬುದು ಮೂಲಸ್ಮೃತಿಯ ನಿಯಮ. ಮನುವಿನ ಮಾತು ಇನ್ನೂ ಖಾರ: ತನ್ನವರು ಕಷ್ಟದಲ್ಲಿರುವಾಗ ಹೊರಗಿನವರಿಗೆ ಕೊಟ್ಟು ಹೆಸರು ಮಾಡುವವನದು ಧರ್ಮವಲ್ಲ, ಧರ್ಮದ ನಕಲು.

ಈ ವ್ಯವಸ್ಥೆಯ ಪ್ರಕಾರ ಮಗಳಿಗೆ ಸಿಕ್ಕಿದ್ದು ಪ್ರೀತಿ, ಮಗನಿಗೆ ಸಿಕ್ಕಿದ್ದು ಹೊಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದು ಹೆಣ್ಣುಮಕ್ಕಳನ್ನೂ ಪಿತ್ರಾರ್ಜಿತದಲ್ಲಿ ಪಾಲುದಾರರನ್ನಾಗಿ ಮಾಡಿತು, ಆಗ ಮದುವೆಯಾಗಿದ್ದವರನ್ನು ಬಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಅಲ್ಲಿಂದ ಬಾಗಿನದ ಅರ್ಥ ತುಸು ಬದಲಾಗಿದೆ. ಜಮೀನಿಗೆ ಬೆಲೆ ಬಂದ ಕಡೆಗಳಲ್ಲಿ ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಂಡು, ನಿಮಗೆ ಅರಿಶಿನ ಕುಂಕುಮ ತಪ್ಪಿಸುವುದಿಲ್ಲ ಎಂದು ಅಣ್ಣತಮ್ಮಂದಿರು ಮಾತು ಕೊಡುವುದುಂಟು. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆಂಬ ಅಂಜಿಕೆಯೇ ಎಷ್ಟೋ ರುಜುಗಳ ಹಿಂದಿದೆ. ಅರ್ಧ ಎಕರೆಯ ಬದಲಿಗೆ ವರ್ಷಕ್ಕೊಂದು ಸೀರೆ ಕೊಟ್ಟವನು ದಾನಿಯಲ್ಲ. ಹಕ್ಕಿನ ಮೇಲೆ ಕೊಡುಗೆಯ ಮೊರ ಕವುಚಿದ್ದಾನೆ. ಪಾಲನ್ನು ಪಾಲಾಗಿ ಕೊಟ್ಟ ಮೇಲೂ ಬಾಗಿನ ಹೋಗುವ ಮನೆಗಳಿವೆ, ಅಲ್ಲಿ ಮಾತ್ರ ಅದು ಪ್ರೀತಿಯ ಕೊಡುಗೆ.

ನೋಮಿನ ಕಜ್ಜಾಯದಲ್ಲಿ ಇಷ್ಟು ಸಿಕ್ಕುಗಳಿಲ್ಲ. ಅಕ್ಕಿ ನೆನೆಸಿ, ನೀರು ಬಸಿದು, ಬಟ್ಟೆಯ ಮೇಲೆ ನೆರಳಲ್ಲಿ ಹರವಿ, ಪಸೆ ಇರುವಾಗಲೇ ಕುಟ್ಟಿ ಜರಡಿ ಹಿಡಿದು, ಬೆಲ್ಲದ ಪಾಕಕ್ಕೆ ಸುರಿದು, ಎಳ್ಳು ಗಸಗಸೆ ಹಾಕಿ, ಹಿಟ್ಟು ಹದಕ್ಕೆ ಬರಲು ರಾತ್ರಿಯೆಲ್ಲ ಬಿಡುತ್ತಾರೆ. ಪಾಕ ಒಂದು ಗಳಿಗೆ ಹೆಚ್ಚಾದರೆ ಕಜ್ಜಾಯ ಕಲ್ಲು, ಕಡಿಮೆಯಾದರೆ ಎಣ್ಣೆಯಲ್ಲೇ ಚೂರು. ಇಷ್ಟು ಪಾಡುಪಟ್ಟದ್ದು ಪೂಜೆಯಲ್ಲಿ ಎಣಿಸಿ ಇಟ್ಟು, ಕೈಗೆ ನೋಮುದಾರ ಕಟ್ಟಿಕೊಂಡ ಮೇಲೆ ಬೀದಿಯ ಮನೆಗಳಿಗೆ ಹಂಚಿಹೋಗುತ್ತದೆ. ನೋಮು ವಂಶದಿಂದ ಬರುವಂಥದು, ಎಲ್ಲರ ಮನೆಗೂ ಇರುವುದಿಲ್ಲ. ಇದ್ದವರು ಇಲ್ಲದವರಿಗೆ ಕೊಡುತ್ತಾರೆ. ಇಲ್ಲಿ ಇರುವುದು ಇಲ್ಲದಿರುವುದು ವ್ರತದ ವಿಷಯ, ಹಣದ್ದಲ್ಲ. ಹಾಗಾಗಿ ಪಡೆದವರಿಗೆ ಮುಜುಗರವೂ ಇಲ್ಲ.

ಮುಜುಗರವೇ ಮೂಲವಾಗಿದ್ದ ಪದ್ಧತಿ ಬೇರೆ ಇತ್ತು. ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಹಬ್ಬದ ರಾತ್ರಿಯೋ ಮರುದಿನವೋ ಕೇರಿಯವರು ಪಾತ್ರೆ ಹಿಡಿದು ಊರೊಳಗಿನ ಮನೆಗಳ ಮುಂದೆ ದೂರ ನಿಂತು, ಉಳಿದ ಅನ್ನ, ಸಾರು, ಹೋಳಿಗೆಯ ಚೂರು ಹಾಕಿಸಿಕೊಳ್ಳುತ್ತಿದ್ದರು. ಹೊರಗಿನಿಂದ ನೋಡಿದರೆ ಇದಕ್ಕೂ ಶ್ರಾವಣದ ಪಡಿಗೂ ಹೆಚ್ಚು ವ್ಯತ್ಯಾಸವಿಲ್ಲ. ಎರಡರಲ್ಲೂ ಪಾತ್ರೆ ಇದೆ, ಹೊಸ್ತಿಲಿದೆ, ಕಾಯುವುದಿದೆ. ಆದರೆ ಪಡಿ ಬೇಡುವ ಸಾಹುಕಾರ ಸಂಜೆಗೆ ಮತ್ತೆ ಸಾಹುಕಾರ. ಕೇರಿಯವರು ಮರುದಿನವೂ ಅದೇ ಜಾಗದಲ್ಲಿ ನಿಲ್ಲಬೇಕಿತ್ತು. ಒಂದರಲ್ಲಿ ಅಕ್ಕಿ ನೈವೇದ್ಯವಾಗುತ್ತಿತ್ತು, ಇನ್ನೊಂದರಲ್ಲಿ ಅನ್ನ ಮುಟ್ಟದಂತೆ ಮೇಲಿನಿಂದ ಬೀಳುತ್ತಿತ್ತು. ಗೀತೆಯ ಮೂರನೆಯ ದರ್ಜೆಯನ್ನು ವಿವರಿಸಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಇನ್ನೂ ಕೆಟ್ಟದ್ದೆಂದರೆ, ಆ ಅನ್ನದ ಬಹುಪಾಲು ದಾನವೇ ಆಗಿರಲಿಲ್ಲ. ಕೆರೆಯ ತೂಬು ಎತ್ತಿ ಇಳಿಸುವ ನೀರಗಂಟಿ, ತೋಟಿ, ತಳವಾರ, ಅಗಸ, ಕ್ಷೌರಿಕ, ಕಮ್ಮಾರ ಇವರೆಲ್ಲ ವರ್ಷವಿಡೀ ದುಡಿದದ್ದಕ್ಕೆ ಸುಗ್ಗಿಯ ಕಣದಲ್ಲಿ ಆಯದ ಕಾಳು, ಹಬ್ಬದಲ್ಲಿ ಊಟ ಪಡೆಯುತ್ತಿದ್ದರು. ಅದು ತಡವಾಗಿ ಬರುವ ಕೂಲಿ. ಕೂಲಿಗೆ ದಾನವೆಂದು ಹೆಸರಿಟ್ಟು, ಕೊಟ್ಟವನಿಗೆ ಪುಣ್ಯವನ್ನೂ ಪಡೆದವನಿಗೆ ಋಣವನ್ನೂ ಬರೆದಿಟ್ಟದ್ದು ಹಳ್ಳಿಯ ಧರ್ಮ ಮಾಡಿದ ದೊಡ್ಡ ಅನ್ಯಾಯ. 1970ರ ದಶಕದಲ್ಲಿ ಕಟ್ಟಿದ ದಲಿತ ಸಂಘರ್ಷ ಸಮಿತಿಗೆ ಕೋಲಾರ ಜಿಲ್ಲೆ ಗಟ್ಟಿ ನೆಲೆಯಾಯಿತು. ತಂಗಳಿಗೆ ಕೈಚಾಚಬಾರದು, ಬಿಟ್ಟಿಗೆ ದುಡಿಯಬಾರದು ಎಂಬ ಎಚ್ಚರ ಆ ಕಾಲದ ಹೋರಾಟದ ಜೊತೆಗೇ ಬೆಳೆಯಿತು. ಪಡೆಯಲು ನಿರಾಕರಿಸುವುದೂ ಒಂದು ಧರ್ಮಕಾರ್ಯ ಎಂಬುದನ್ನು ದಾನದ ಗ್ರಂಥಗಳು ಈ ದಿಕ್ಕಿನಿಂದ ಯೋಚಿಸಿದಂತೆ ಕಾಣುವುದಿಲ್ಲ.

ಹನ್ನೆರಡನೆಯ ಶತಮಾನದ ಶರಣರು ಸುಮಾರು ಈ ನೆಲೆಗೆ ಬಂದಿದ್ದರು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಆ ಹೆಚ್ಚುವರಿಯನ್ನು ಅಲ್ಲೇ ಸುರಿದು ಬರಲು ಹೇಳಿದಳೆಂಬುದು ಪ್ರಸಿದ್ಧ ಕಥೆ. ತಿನ್ನಲು ತಂದದ್ದಲ್ಲ, ಜಂಗಮರಿಗೆ ಉಣ್ಣಿಸಲು ತಂದದ್ದು, ಆದರೂ ಬೇಡ. ಕಾಯಕಕ್ಕೆ ಮೀರಿ ಬಂದದ್ದನ್ನು ಕೊಡುವ ಹಕ್ಕೂ ತಮಗಿಲ್ಲ ಎಂಬುದು ಅವಳ ನಿಲುವು. ದಾನದ ಮಾತು ಬಂದಾಗ ಸಾಮಾನ್ಯವಾಗಿ ಯಾರಿಗೆ, ಎಷ್ಟು, ಯಾವಾಗ ಎಂದು ಕೇಳುತ್ತಾರೆ. ಲಕ್ಕಮ್ಮ ಎಲ್ಲಿಂದ ಬಂತು ಎಂದು ಕೇಳಿದಳು.

ಮುಳಬಾಗಿಲಿನಲ್ಲಿ ಹೈದರ್ ವಲಿ ದರ್ಗಾ ಇದೆ, ಸುತ್ತಲ ಹಳ್ಳಿಗಳಲ್ಲಿ ಮುಸ್ಲಿಂ ಕುಟುಂಬಗಳಿವೆ. ರಂಜಾನಿನ ಫಿತ್ರ ಹಬ್ಬದ ಕೊಡುಗೆಯನ್ನು ಇನ್ನೊಂದು ಬಗೆಯಲ್ಲಿ ನೋಡುತ್ತದೆ. ಮನೆಯ ಯಜಮಾನ ಹಸುಗೂಸನ್ನೂ ಸೇರಿಸಿ ತಲೆಗೆ ಇಷ್ಟು ಧಾನ್ಯ ಅಥವಾ ಅದರ ಬೆಲೆಯೆಂದು ಲೆಕ್ಕ ಹಾಕಿ, ಈದ್ ನಮಾಜಿಗೆ ಮುಂಚೆ ಬಡವರಿಗೆ ಮುಟ್ಟಿಸಬೇಕು. ನಮಾಜು ಮುಗಿದ ಮೇಲೆ ಕೊಟ್ಟರೆ ಅದು ಫಿತ್ರ ಎನಿಸುವುದಿಲ್ಲ, ಮಾಮೂಲಿ ದಾನವಾಗುತ್ತದೆ. ಕಾರಣ ಸರಳ: ಪಡೆದವರೂ ಅದೇ ದಿನ ಹಬ್ಬ ಮಾಡಬೇಕು. ಉಳ್ಳವರ ಸಂಪತ್ತಿನಲ್ಲಿ ಕೇಳುವವನಿಗೂ ಇಲ್ಲದವನಿಗೂ ಹಕ್ಕಿದೆ ಎಂದು ಕುರಾನ್ ಹೇಳುತ್ತದೆ. ಉಳಿತಾಯದ ಮೇಲಿನ ಎರಡೂವರೆ ಪರ್ಸೆಂಟ್ ಜಕಾತ್ ಅದೇ ಹಕ್ಕಿನ ಲೆಕ್ಕ. ಮರುದಿನದ ತಂಗಳಿಗೂ ನಮಾಜಿಗೆ ಮುಂಚಿನ ಧಾನ್ಯಕ್ಕೂ ಇರುವ ಅಂತರ ಕೆಲವೇ ಗಂಟೆಗಳದು, ಆದರೆ ಪಡೆಯುವವನ ಮರ್ಯಾದೆ ಇರುವುದು ಆ ಗಂಟೆಗಳಲ್ಲೇ.

ಕೊಟ್ಟವರ ಹೆಸರಿನ ಪ್ರಶ್ನೆ ಉಳಿಯಿತು. ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಯ ಹೆಸರು, ನೋಟ್‌ಬುಕ್ ಹಂಚುವಾಗ ಫ್ಲೆಕ್ಸ್ ಇವನ್ನು ಲೇವಡಿ ಮಾಡುವುದು ಸುಲಭ. ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ ಭಕ್ತರು ಪ್ರತಿಷ್ಠೆ ಮಾಡಿಸಿದ ಲಿಂಗಗಳ ಮೇಲೂ ಹೆಸರುಗಳಿವೆ. ಹಣ್ಣಿನೊಳಗೆ ಕಾಸು ಅಡಗಿಸಿ ಕೊಡುವ ಗುಪ್ತದಾನವೇ ಶ್ರೇಷ್ಠವೆಂಬ ನಂಬಿಕೆ ಇದ್ದ ನಾಡಿನಲ್ಲೇ ಹೆಸರು ಕೆತ್ತಿಸುವ ಚಟವೂ ಸಾವಿರ ವರ್ಷ ಹಳೆಯದು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದು, ಅದರ ತುಂಬ ದಾನಶಾಸನಗಳೇ. ಸಂಕ್ರಮಣ, ಗ್ರಹಣ, ಪುಣ್ಯತಿಥಿಗಳಲ್ಲಿ ಭೂಮಿ ಬಿಟ್ಟವರು, ಕೆರೆ ಕಟ್ಟಿಸಿದವರು, ದೀಪಕ್ಕೆ ಎಣ್ಣೆ ಕೊಟ್ಟವರು. ಮುಳಬಾಗಿಲು ತಾಲ್ಲೂಕಿನ ಆವಣಿಯ ಹತ್ತನೆಯ ಶತಮಾನದ ಶಾಸನವೊಂದು ಅಲ್ಲಿನ ಸ್ಥಾನಾಧಿಪತಿ ತ್ರಿಭುವನಕರ್ತರು ನಲವತ್ತು ವರ್ಷದಲ್ಲಿ ಐವತ್ತು ದೇಗುಲ, ಎರಡು ದೊಡ್ಡ ಕೆರೆ ಕಟ್ಟಿಸಿದರೆಂದು ಹೇಳುತ್ತದೆ. ಶಾಸನದಲ್ಲಿ ಹೆಸರು ಬರೆಸಿದ್ದರಲ್ಲಿ ಕೀರ್ತಿಯ ಆಸೆ ಇಲ್ಲವೆನ್ನಲಾಗದು. ಆದರೆ ಅದಕ್ಕೆ ಇನ್ನೊಂದು ಕೆಲಸವೂ ಇತ್ತು. ಈ ಭೂಮಿ ಕೆರೆಗೆ ಬಿಟ್ಟದ್ದು, ಯಾರೂ ಕಬಳಿಸಬಾರದು ಎಂದು ಕಲ್ಲಿನಲ್ಲಿ ಸಾರುವುದು. ಅನೇಕ ಶಾಸನಗಳ ಕೊನೆಯಲ್ಲಿ ಬರುವ ಶ್ಲೋಕದ ಪ್ರಕಾರ ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದು ಹೆಚ್ಚು. ಹೂಳೆತ್ತಿ ಏರಿ ರಿಪೇರಿ ಮಾಡಿದವರಿಗೆ ಕೆರೆಯ ಕೆಳಗಿನ ಗದ್ದೆ ಬಿಡುವ ಕಟ್ಟುಕೊಡಗಿ, ದಶವಂದಗಳು ಈ ಮಾತನ್ನು ವ್ಯವಹಾರಕ್ಕೆ ಇಳಿಸಿದ್ದವು.

ಕಾಪಾಡುವ ಆ ಋಣ ತೀರದೆ ಕೆರೆಗಳಲ್ಲಿ ಹೂಳು ತುಂಬಿತು, ಕೊಳವೆಬಾವಿ ಸಾವಿರ ಅಡಿ ದಾಟಿತು. 2018ರಿಂದ ಕೋರಮಂಗಲ ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧಗೊಳಿಸಿ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂದು ರೈತರ ಹೋರಾಟ ಸಮಿತಿಗಳು ಕೇಳುತ್ತಲೇ ಇವೆ. ಬಳಸಿ ಉಳಿದದ್ದನ್ನು ಕಳಿಸಿ ಕೊಡುಗೆ ಎನ್ನುವ ಮಹಾನಗರಕ್ಕೆ ಹಳ್ಳಿಯ ತಂಗಳಿನ ಚರಿತ್ರೆ ಗೊತ್ತಿದ್ದರೆ ಒಳ್ಳೆಯದಿತ್ತು.

ಹಬ್ಬದ ಕೊಡುಗೆ ಕೂಲಿಯ ಹಕ್ಕಾಗಿ ಬದಲಾದ ಒಂದು ನಿದರ್ಶನ ಕೋಲಾರದಲ್ಲೇ ಕಣ್ಣೆದುರಿಗಿದೆ. ದಸರೆ ದೀಪಾವಳಿಗೆ ಮಾಲೀಕರು ಖುಷಿಗೆ ಕೊಡುತ್ತಿದ್ದ ಇನಾಮಿನ ಬಗ್ಗೆ ಕಾರ್ಮಿಕರು ದಶಕಗಳ ಕಾಲ ನ್ಯಾಯಮಂಡಳಿಗಳಲ್ಲಿ ವಾದಿಸಿದರು. ಬಂಗಾಳದಲ್ಲಿ ಅದಕ್ಕೆ ಪೂಜಾ ಬೋನಸ್ ಎಂದೇ ಹೆಸರು. 1965ರ ಬೋನಸ್ ಪಾವತಿ ಕಾಯ್ದೆ ಅದನ್ನು ಕಡ್ಡಾಯಗೊಳಿಸಿತು. ಕನಿಷ್ಠ ದರ ಈಗ ವರ್ಷದ ಸಂಬಳದ 8.33 ಪರ್ಸೆಂಟ್, ಅಂದರೆ ಸುಮಾರು ಒಂದು ತಿಂಗಳದು. 2019ರ ವೇತನ ಸಂಹಿತೆಯಲ್ಲೂ ಆ ದರ ಹಾಗೇ ಉಳಿದಿದೆ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಕಾಯ್ದೆಯ ವ್ಯಾಪ್ತಿಗೆ ಬರುವ ಕಾರ್ಮಿಕ ಹಬ್ಬದ ಬೋನಸ್ಸಿಗೆ ಯಾರಿಗೂ ಕೈಮುಗಿಯಬೇಕಿಲ್ಲ. ಕನಿಷ್ಠ 20 ಜನ ದುಡಿಯುವ ಕಡೆಗೆ ಅನ್ವಯಿಸುವ ಈ ನಿಯಮ ಟೊಮೆಟೊ ಬಿಡಿಸುವ ಕೂಲಿಯಾಳುಗಳನ್ನೂ ಮನೆಗೆಲಸದವರನ್ನೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅವರ ಹಬ್ಬ ಇವತ್ತಿಗೂ ಮನೆಯೊಡೆಯರ ಮನಸ್ಸಿನ ಮೇಲೆ ನಿಂತಿದೆ.